ದೂರದ ದೇಶದ ವಿಪತ್ತಿಗೆ, ಕಾಯಿಲೆಗೆ ಕೊಟ್ಟ ದೇಣಿಗೆ ಎಲ್ಲಿಗೆ ಹೋಗುತ್ತದೆ?

ನಿಮ್ಮ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ. ಎಲ್ಲೋ ಭೂಕಂಪವೋ ಪ್ರವಾಹವೋ ಸಾಂಕ್ರಾಮಿಕವೋ ಆದಾಗ ದತ್ತಿ ಸಂಸ್ಥೆಗೆ ಕೊಟ್ಟ ಹಣ ನಿಜಕ್ಕೂ ಏನಾಗುತ್ತದೆ ಎನ್ನುವುದು ಒಂದು. ಹಣದ ಬದಲು ಔಷಧಿ, ಬಟ್ಟೆ, ಹಾಲಿನ ಪುಡಿ ಕಳಿಸಿದರೆ ನೇರವಾಗಿ ಸಂತ್ರಸ್ತರ ಕೈ ಸೇರುತ್ತದಲ್ಲ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಮೊದಲು ಉತ್ತರಿಸಿಬಿಡುತ್ತೇನೆ: ದಯವಿಟ್ಟು ಕಳಿಸಬೇಡಿ.

1988ರ ಡಿಸೆಂಬರ್‌ನಲ್ಲಿ ಅರ್ಮೇನಿಯಾದಲ್ಲಿ ಭೂಕಂಪವಾದಾಗ ಸುಮಾರು 5,000 ಟನ್ ಔಷಧಿ ಮತ್ತು ವೈದ್ಯಕೀಯ ಸಾಮಗ್ರಿ ಬಂದು ಬಿತ್ತು. ಅದನ್ನು ವಿಂಗಡಿಸುವುದಕ್ಕೇ 50 ಜನರಿಗೆ ಆರು ತಿಂಗಳು ಹಿಡಿಯಿತು. ತಕ್ಷಣ ಬಳಸುವಂತಿದ್ದದ್ದು ಮೂರನೇ ಒಂದು ಭಾಗದಷ್ಟೂ ಇರಲಿಲ್ಲ. 2004ರ ಸುನಾಮಿಯ ನಂತರ ಇಂಡೋನೇಷ್ಯಾದ ಆಚೇ ಪ್ರಾಂತ್ಯಕ್ಕೆ ಸುಮಾರು 4,000 ಟನ್ ಔಷಧಿ ಬಂತು. ಅದರಲ್ಲಿ ಬಹುಪಾಲು ಯಾರೂ ಕೇಳದೆ ಬಂದದ್ದು, ಸ್ಥಳೀಯ ವೈದ್ಯರಿಗೆ ಓದಲು ಬಾರದ ಭಾಷೆಯ ಲೇಬಲ್ ಹೊತ್ತದ್ದು. ಸುಮಾರು 600 ಟನ್ ನಾಶ ಮಾಡಬೇಕಾಯಿತು. ಔಷಧಿಯನ್ನು ನಾಶ ಮಾಡುವುದೂ ಸುಲಭವಲ್ಲ. ಹೂಳಿದರೆ ಅಂತರ್ಜಲಕ್ಕೆ ಸೇರುತ್ತದೆ, ಸಾಮಾನ್ಯ ಬೆಂಕಿಗೆ ಹಾಕಿದರೆ ವಿಷದ ಹೊಗೆ ಏಳುತ್ತದೆ, ಹೆಚ್ಚು ಉಷ್ಣಾಂಶದ ಕುಲುಮೆಯೇ ಬೇಕು. ಅದರ ಖರ್ಚು ಬೀಳುವುದು ಆಗಷ್ಟೇ ನೆಲಕಚ್ಚಿದ ಊರಿನ ಮೇಲೆ.

ಇದರಲ್ಲಿ ಕೊಟ್ಟವರ ಮನಸ್ಸಿನದೇನೂ ತಪ್ಪಿಲ್ಲ. ತೊಂದರೆ ಇರುವುದು ಪೆಟ್ಟಿಗೆಯಲ್ಲಿ. ಹತ್ತು ಬಗೆಯ ಮಾತ್ರೆ ಬೆರೆತ ಒಂದು ಪೆಟ್ಟಿಗೆ ತೆರೆದರೆ ಫಾರ್ಮಸಿಸ್ಟ್ ಒಬ್ಬರು ಪ್ರತಿ ಮಾತ್ರೆ ಸ್ಟ್ರಿಪ್ಪನ್ನೂ ಕೈಯಲ್ಲಿ ಹಿಡಿದು ಬ್ರ್ಯಾಂಡ್ ಹೆಸರಿನಿಂದ ಮೂಲ ಔಷಧದ ಹೆಸರು ಹುಡುಕಬೇಕು, ಅವಧಿ ನೋಡಬೇಕು. ಆ ಹೊತ್ತಿಗೆ ಆ ಫಾರ್ಮಸಿಸ್ಟ್ ಇರಬೇಕಾದದ್ದು ರೋಗಿಗಳ ಮುಂದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 1996ರಲ್ಲಿ ಔಷಧ ದಾನಕ್ಕೆ ಮಾರ್ಗಸೂಚಿ ಹೊರಡಿಸಿತು. ಪಡೆಯುವವರು ಒಪ್ಪಿರಬೇಕು, ಆ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿರಬೇಕು, ಲೇಬಲ್ ಮೇಲೆ ಮೂಲ ಹೆಸರಿರಬೇಕು, ತಲುಪಿದ ಮೇಲೆ ಕನಿಷ್ಠ ಒಂದು ವರ್ಷ ಅವಧಿ ಉಳಿದಿರಬೇಕು. ಹಾಲಿನ ಪುಡಿಯಂತೂ ಇನ್ನೂ ಅಪಾಯ. ಶುದ್ಧ ನೀರಿಲ್ಲದ ಶಿಬಿರದಲ್ಲಿ ಬಾಟಲಿ ಹಾಲು ಕುಡಿದ ಕೂಸಿಗೆ ಭೇದಿ ಹಿಡಿಯುತ್ತದೆ. ಪುಕ್ಕಟೆ ಪುಡಿ ಸಿಕ್ಕಿತೆಂದು ತಾಯಿ ಹಾಲೂಡಿಸುವುದು ಬಿಟ್ಟರೆ ಎದೆಹಾಲು ಬತ್ತಿಹೋಗುತ್ತದೆ, ಪುಡಿ ಖಾಲಿಯಾದ ದಿನ ಎರಡೂ ಇರುವುದಿಲ್ಲ.

ಹಾಗಾದರೆ ಉಪಯೋಗಕ್ಕೆ ಬರುವ ಪೆಟ್ಟಿಗೆ ಯಾವುದು? ವಿಶ್ವಸಂಸ್ಥೆಯ ಅಂಗಸಂಸ್ಥೆಗಳೂ ದೊಡ್ಡ ದತ್ತಿ ಸಂಸ್ಥೆಗಳೂ ಒಪ್ಪಿಕೊಂಡ ತುರ್ತು ಆರೋಗ್ಯ ಕಿಟ್ ಒಂದಿದೆ. 10,000 ಜನರಿಗೆ ಸುಮಾರು ಮೂರು ತಿಂಗಳ ಲೆಕ್ಕಕ್ಕೆ ಕಟ್ಟಿದ್ದು. ಪ್ರತಿ ಪೆಟ್ಟಿಗೆಯಲ್ಲಿ ಏನಿದೆ ಎಂಬುದು ಮೊದಲೇ ಗೊತ್ತಿರುವುದರಿಂದ ಕಸ್ಟಮ್ಸ್‌ನಲ್ಲಿ ತಡೆ ಕಡಿಮೆ, ತೆರೆದ ಕೂಡಲೇ ಕೆಲಸ ಶುರು. ಇಂಥ ಸಾಮಗ್ರಿ ಕೋಪನ್‌ಹೇಗನ್‌ನ ಯುನಿಸೆಫ್ ಗೋದಾಮಿನಲ್ಲಿ, ದುಬೈ, ಬ್ರಿಂಡಿಸಿ, ಅಕ್ರಾ, ಪನಾಮಗಳ ದಾಸ್ತಾನು ಕೇಂದ್ರಗಳಲ್ಲಿ ವಿಪತ್ತಿಗೆ ಮೊದಲೇ ಕಾದು ಕೂತಿರುತ್ತದೆ.

ನಿಮ್ಮ ಮೊದಲ ಪ್ರಶ್ನೆಯ ಉತ್ತರ ಇಲ್ಲೇ ಇದೆ. ಭೂಕಂಪವಾದ ಮಾರನೇ ದಿನ ವಿಮಾನ ಏರುವ ಕಿಟ್ ಅಂದು ನೀವು ಕೊಟ್ಟ ಹಣದಿಂದ ಬಂದದ್ದಲ್ಲ, ಹಿಂದೆ ಯಾರೋ ಯಾವ ಸುದ್ದಿಯೂ ಇಲ್ಲದಾಗ ಕೊಟ್ಟಿದ್ದರಿಂದ ಬಂದದ್ದು. ನಿಮ್ಮ ಹಣ ಖಾಲಿಯಾದ ಆ ಜಾಗವನ್ನು ತುಂಬುತ್ತದೆ, ಸಿಬ್ಬಂದಿಯ ಸಂಬಳ, ಲಾರಿ ಬಾಡಿಗೆ, ಮುಂದಿನ ತಿಂಗಳುಗಳ ಚಿಕಿತ್ಸೆ ನೋಡಿಕೊಳ್ಳುತ್ತದೆ. ರೆಡ್‌ಕ್ರಾಸ್ ಮತ್ತು ರೆಡ್ ಕ್ರೆಸೆಂಟ್ ಒಕ್ಕೂಟ 1985ರಿಂದ ಒಂದು ತುರ್ತು ನಿಧಿ ಇಟ್ಟುಕೊಂಡಿದೆ. ವಿಶ್ವಸಂಸ್ಥೆಯ ಕೇಂದ್ರ ತುರ್ತು ಸ್ಪಂದನಾ ನಿಧಿ 2006ರಲ್ಲಿ ಕೆಲಸ ಆರಂಭಿಸಿತು. ಮನವಿ ಹೊರಡಿಸಿ ಹಣ ಬರುವವರೆಗೆ ಕಾಯುವ ವಾರಗಳನ್ನು ಉಳಿಸುವುದೇ ಇವುಗಳ ಕೆಲಸ. 2020ರ ಜುಲೈನಲ್ಲಿ ಬಾಂಗ್ಲಾದೇಶದಲ್ಲಿ ಪ್ರವಾಹದ ಮುನ್ಸೂಚನೆ ನೋಡಿಯೇ, ನೀರು ಉಕ್ಕುವ ಮೊದಲೇ ಈ ವಿಶ್ವಸಂಸ್ಥೆಯ ನಿಧಿ ಹಣ ಬಿಡುಗಡೆ ಮಾಡಿತು. ಕುಟುಂಬಗಳು ಆ ದುಡ್ಡಲ್ಲಿ ಮೇವು, ದವಸ ಕೂಡಿಸಿಕೊಳ್ಳಬಹುದು, ದನಕರುಗಳನ್ನು ಎತ್ತರದ ಜಾಗಕ್ಕೆ ಸಾಗಿಸಬಹುದು. ನೀರು ನುಗ್ಗಿದ ಮೇಲೆ ಅಷ್ಟೇ ಹಣ ಕೊಟ್ಟರೂ ಸತ್ತ ಹಸು ಎದ್ದು ಬರುವುದಿಲ್ಲ.

ಇಲ್ಲಿ ದಾನಿಗಳು ಎಡವುವ ಜಾಗ ಒಂದಿದೆ. ‘ಈ ಭೂಕಂಪಕ್ಕೆ ಮಾತ್ರ’ ಎಂದು ಗುರುತು ಹಾಕಿ ಕೊಟ್ಟ ಹಣವನ್ನು ಸಂಸ್ಥೆ ಬೇರೆ ಕಡೆ ಬಳಸುವಂತಿಲ್ಲ. 2005ರ ಜನವರಿ ಆರಂಭದಲ್ಲಿ, ಸುನಾಮಿಯಾಗಿ ಸುಮಾರು ಒಂದು ವಾರಕ್ಕೆ, ‘ಮೆಡಿಸಾ ಸಾ ಫ್ರಾಂಟಿಯೆರ್’ (ಗಡಿಯಿಲ್ಲದ ವೈದ್ಯರು) ಸಂಸ್ಥೆ ಸುನಾಮಿಗೆಂದು ಇನ್ನು ಹಣ ಬೇಡ ಎಂದು ಬಹಿರಂಗವಾಗಿ ಹೇಳಿತು. ಬಂದ ಹಣವನ್ನು ಬೇರೆ ಸಂಕಟಗಳಿಗೆ ಬಳಸಲು ದಾನಿಗಳ ಅನುಮತಿ ಕೇಳಿತು. ಸಾಕು ಎನ್ನುವ ಧೈರ್ಯವಿರುವ ಸಂಸ್ಥೆಯ ಮೇಲೆ ನನಗೆ ನಂಬಿಕೆ ಹೆಚ್ಚು. ಕ್ಯಾಮೆರಾ ಇರುವ ಕಡೆ ಹಣ ಹರಿಯುತ್ತದೆ, ನಿಧಾನವಾಗಿ ಕೊಲ್ಲುವ ಬರಕ್ಕೆ, ಹಳೆಯದಾದ ಯುದ್ಧಕ್ಕೆ ಬರುವುದಿಲ್ಲ. ಆದ್ದರಿಂದ ದೇಣಿಗೆ ಫಾರಂನಲ್ಲಿ ‘ಹೆಚ್ಚು ಅಗತ್ಯವಿರುವ ಕಡೆ’ ಎಂಬ ಆಯ್ಕೆ ಇದ್ದರೆ ಅದನ್ನೇ ಒತ್ತಿ.

ಶಿಬಿರದಲ್ಲಿ ಹಣ ಹೇಗೆ ಕರಗುತ್ತದೆ ಎನ್ನುವುದಕ್ಕೆ ಕಾಲರಾ ನೋಡಿ. ತೀವ್ರ ನಿರ್ಜಲೀಕರಣವಾದ ವಯಸ್ಕರಿಗೆ ಪ್ರತಿ ಕೆಜಿ ತೂಕಕ್ಕೆ 100 ಮಿ.ಲೀ. ದ್ರವವನ್ನು ಮೂರು ಗಂಟೆಯಲ್ಲಿ ರಕ್ತನಾಳಕ್ಕೆ ಹರಿಸಬೇಕು. ಅದರಲ್ಲಿ ಮೊದಲ ಅರ್ಧ ಗಂಟೆಯಲ್ಲೇ ಪ್ರತಿ ಕೆಜಿಗೆ 30 ಮಿ.ಲೀ., ಉಳಿದದ್ದು ಎರಡೂವರೆ ಗಂಟೆಯಲ್ಲಿ. 50 ಕೆಜಿಯ ಒಬ್ಬ ರೋಗಿಗೆ ಐದು ಲೀಟರ್, ಅಂದರೆ ಐದು ಕೆಜಿ ಭಾರದ ಚೀಲಗಳು. ಅದನ್ನು ವಿಮಾನದಲ್ಲಿ ತರುವುದು ಎಷ್ಟು ದುಬಾರಿ ಎಂದು ಲೆಕ್ಕ ಹಾಕಿ. ಅದೇ ರೋಗಿ ನಾಲ್ಕಾರು ಗಂಟೆ ಮೊದಲೇ ಸಿಕ್ಕಿದ್ದರೆ 20.5 ಗ್ರಾಂನ ಓಆರ್‌ಎಸ್ ಪೊಟ್ಟಣಗಳು ಸಾಕಾಗುತ್ತಿದ್ದವು. ಒಂದೊಂದನ್ನು ಒಂದು ಲೀಟರ್ ಶುದ್ಧ ನೀರಿಗೆ ಕರಗಿಸಬೇಕು. ಸರಿಯಾದ ಸಮಯಕ್ಕೆ ಚಿಕಿತ್ಸೆ ಸಿಕ್ಕರೆ ನೂರರಲ್ಲಿ ಒಬ್ಬರೂ ಸಾಯುವುದಿಲ್ಲ. ಹಾಗಾಗಿ ಒಳ್ಳೆಯ ಸಂಸ್ಥೆ ದೊಡ್ಡ ಟೆಂಟ್ ಆಸ್ಪತ್ರೆಯ ಫೋಟೊಗಿಂತ ಕೇರಿಕೇರಿಗೂ ಓಆರ್‌ಎಸ್ ಕೊಡುವ ಜಾಗ, ಕ್ಲೋರಿನ್, ನೀರಿನ ಟ್ಯಾಂಕರ್‌ಗೆ ಮೊದಲು ಹಣ ಹಾಕುತ್ತದೆ. ಕನಿಷ್ಠ ಮಾನದಂಡ ಒಬ್ಬರಿಗೆ ದಿನಕ್ಕೆ 15 ಲೀಟರ್ ನೀರು, 20 ಜನರಿಗೆ ಒಂದು ಶೌಚಾಲಯ. 10,000 ಜನರ ಶಿಬಿರಕ್ಕೆ ದಿನಾ ಒಂದೂವರೆ ಲಕ್ಷ ಲೀಟರ್ ನೀರು. ಒಂದು ಟ್ಯಾಂಕರ್ ಕೆಟ್ಟು ನಿಂತರೂ ಜನ ಹಳ್ಳದ ನೀರಿಗೆ ಹೋಗುತ್ತಾರೆ, ವಾರ್ಡು ಮತ್ತೆ ತುಂಬುತ್ತದೆ.

ಅಂಗಡಿಗಳು ತೆರೆದಿದ್ದು ಸಾಮಾನು ಸಿಗುತ್ತಿದ್ದರೆ ಜನರ ಕೈಗೇ ನಗದು ಕೊಡುವುದು ಸಾಮಾನ್ಯವಾಗಿ ಒಳ್ಳೆಯದು. ಒಬ್ಬರಿಗೆ ಔಷಧಿ ಬೇಕು, ಇನ್ನೊಬ್ಬರಿಗೆ ಬಸ್ ಚಾರ್ಜು, ಮತ್ತೊಬ್ಬರಿಗೆ ಚಾವಣಿಯ ಶೀಟು. ಯಾವುದೇ ಪೆಟ್ಟಿಗೆಗೆ ಇದನ್ನೆಲ್ಲ ಊಹಿಸಲು ಆಗದು. ಆದರೆ ಮೊದಲು ಮಾರುಕಟ್ಟೆಯ ಸಮೀಕ್ಷೆ ಆಗಲೇಬೇಕು. ಸರಕಿಲ್ಲದ ಪೇಟೆಗೆ ಹಣ ಸುರಿದರೆ ಬೆಲೆ ಏರುತ್ತದೆ, ನಗದು ಪಡೆಯುವವರ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಡಬಲ್ ಹೊಡೆತ. ಗುರುತಿನ ಚೀಟಿ ಅವಶೇಷದಡಿ ಹೋದವರು, ಫೋನಿಲ್ಲದ ಮುದುಕರು ಪಟ್ಟಿಯಿಂದ ಜಾರಿಹೋಗುವುದೂ ಮಾಮೂಲು.

ಇನ್ನು ಸುದ್ದಿಯಾಗದ, ವರ್ಷವಿಡೀ ನಡೆಯುವ ಆರೋಗ್ಯದ ಕೆಲಸ. 2000ದಲ್ಲಿ ಶುರುವಾದ ‘ಗಾವಿ’ ಎಂಬ ಲಸಿಕೆ ಒಕ್ಕೂಟ ಬಡ ದೇಶಗಳ ಲಸಿಕೆ ಬೇಡಿಕೆಯನ್ನು ಒಟ್ಟುಗೂಡಿಸಿ ಬೆಲೆ ಇಳಿಸಿತು. ಏಡ್ಸ್, ಕ್ಷಯ, ಮಲೇರಿಯಾಗಳಿಗೆ 2002ರಲ್ಲಿ ‘ಗ್ಲೋಬಲ್ ಫಂಡ್’ ಬಂತು. ಇವೆರಡೂ ಮುಖ್ಯವಾಗಿ ಸರ್ಕಾರಗಳ ಹಣದಲ್ಲಿ ನಡೆಯುವಂಥವು. ಸಣ್ಣ ದಾನಿಯ ಹಣ ಲೆಕ್ಕಕ್ಕೆ ಸಿಗುವಂತೆ ಕಾಣುವುದು ಸೊಳ್ಳೆ ಪರದೆ, ಅಪೌಷ್ಟಿಕ ಮಕ್ಕಳ ಆಹಾರದಂಥ ಕೆಲಸಗಳಲ್ಲಿ. ಪರದೆಯನ್ನು 1.8 ಜನರಿಗೆ ಒಂದು ಎಂಬ ಲೆಕ್ಕದಲ್ಲಿ ತರಿಸುತ್ತಾರೆ, ಸುಮಾರು ಮೂರು ವರ್ಷಕ್ಕೆ ಬದಲಿಸಬೇಕು. ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇರುವ ಮಗುವಿಗೆ ಕಡಲೆಕಾಯಿ ಪೇಸ್ಟಿನ 92 ಗ್ರಾಂ ಪೊಟ್ಟಣ ಕೊಡುತ್ತಾರೆ, ಒಂದರಲ್ಲಿ 500 ಕ್ಯಾಲೊರಿ. 150 ಪೊಟ್ಟಣಗಳ ಒಂದು ಪೆಟ್ಟಿಗೆ ಹೆಚ್ಚುಕಡಿಮೆ ಒಂದು ಮಗುವಿನ ಆರರಿಂದ ಎಂಟು ವಾರಗಳ ಪೂರ್ತಿ ಚಿಕಿತ್ಸೆ.

ಎಡವಟ್ಟಾಗುವುದು ಬಹುತೇಕ ಕೊನೆಯ ಹಂತದಲ್ಲಿ. ಬಹುತೇಕ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಬಿಸಿಗೆ ಕೆಡುತ್ತದೆಂದು ಎಲ್ಲರಿಗೂ ಗೊತ್ತು, ಆದರೆ ಹೆಪಟೈಟಿಸ್ ಬಿ, ಐದು ರೋಗ ತಡೆಯುವ ಪೆಂಟಾವೇಲೆಂಟ್‌ನಂಥವು ಹೆಪ್ಪುಗಟ್ಟಿದರೂ ಕೆಡುತ್ತವೆ. ಸೀಸೆಯ ಮೇಲಿನ ಬಣ್ಣ ಬದಲಿಸುವ ಗುರುತು ಬಿಸಿಯನ್ನಷ್ಟೇ ತೋರಿಸುತ್ತದೆ, ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ. ಫ್ರೀಜರಿನಿಂದ ತೆಗೆದ ಐಸ್ ಪ್ಯಾಕನ್ನು ನೀರಾಡುವ ತನಕ ಹೊರಗಿಡದೆ ಲಸಿಕೆ ಡಬ್ಬಿಗೆ ತುಂಬಿದರೆ ಇಡೀ ದಿನದ ಲಸಿಕೆ ಹಾಳು, ಅದೂ ಯಾರಿಗೂ ಗೊತ್ತಾಗದ ಹಾಗೆ. ತರಬೇತಿ, ಮೇಲ್ವಿಚಾರಣೆ, ತಾಪಮಾನ ದಾಖಲಿಸುವ ಯಂತ್ರ ಇವೆಲ್ಲ ಬಹಳಷ್ಟು ಸಲ ಲೆಕ್ಕಪತ್ರದಲ್ಲಿ ‘ಆಡಳಿತ ವೆಚ್ಚ’ ಅಂತ ಕಾಣುತ್ತವೆ. ಆಡಳಿತ ವೆಚ್ಚದ ಶೇಕಡಾವಾರು ನೋಡಿ ಸಂಸ್ಥೆ ಆರಿಸಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ವಸ್ತು ದಾನವೆಲ್ಲ ವ್ಯರ್ಥ ಎಂದೂ ಅಲ್ಲ. ನೊಣದ ಕಡಿತದಿಂದ ಹರಡಿ ಕಣ್ಣು ಕಳೆಯುವ ‘ನದಿ ಕುರುಡುತನ’ ಎಂಬ ರೋಗಕ್ಕೆ ಬೇಕಾದಷ್ಟು ಐವರ್‌ಮೆಕ್ಟಿನ್ ಔಷಧವನ್ನು ಬೇಕಾದಷ್ಟು ಕಾಲ ಉಚಿತವಾಗಿ ಕೊಡುತ್ತೇವೆಂದು ಮರ್ಕ್ ಕಂಪನಿ 1987ರಲ್ಲಿ ಘೋಷಿಸಿತು, ಆ ಕಾರ್ಯಕ್ರಮ ಇಂದಿಗೂ ನಡೆಯುತ್ತಿದೆ. ಒಂದೇ ಔಷಧ, ಗೊತ್ತಿರುವ ಡೋಸ್, ಮೊದಲೇ ಕೇಳಿ ತರಿಸಿಕೊಳ್ಳುವ ವ್ಯವಸ್ಥೆ ಇದ್ದದ್ದರಿಂದ ಅದು ಫಲಿಸಿತು.

ಈಗ ಕೊಡುವ ವಿಧಾನ. ಒಂದೇ ಸಲ ದೊಡ್ಡ ಮೊತ್ತ ಕೊಡುವ ಬದಲು ತಿಂಗಳಿಗಿಷ್ಟು ಎಂದು ಕಟ್ಟಿ, ಸಂಸ್ಥೆಗೆ ನರ್ಸ್‌ಗಳನ್ನು ವರ್ಷದ ಒಪ್ಪಂದಕ್ಕೆ ತೆಗೆದುಕೊಳ್ಳಲು ಆಗುತ್ತದೆ. ಹೆಚ್ಚಿನ ಪಾಲು ವರ್ಷವಿಡೀ ನಡೆಯುವ ಆರೋಗ್ಯ ಕೆಲಸಕ್ಕೆ, ಉಳಿದದ್ದು ಸಾಮಾನ್ಯ ತುರ್ತು ನಿಧಿಗೆ ಎಂಬುದು ನನ್ನ ಸಲಹೆ. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಸಂಸ್ಥೆ ಯುಎಸ್‌ಎಐಡಿಯನ್ನು ಮುಚ್ಚಿದ ಮೇಲೆ ಮೊದಲನೆಯದರ ಕೊರತೆ ಇನ್ನಷ್ಟು ಆಳವಾಗಿದೆ. ಸರಕು ಗೋದಾಮಿನಲ್ಲಿದ್ದೂ ಸಾಗಿಸುವವರಿಗೆ ಕೊಡಲು ಹಣವಿಲ್ಲದಿದ್ದರೆ ಅದು ಮಗುವಿಗೆ ತಲುಪುವುದಿಲ್ಲ.

ಸಂಸ್ಥೆಗೆ ಇಮೇಲ್ ಬರೆದು ಮೂರು ವಿಷಯ ಕೇಳಿ: ಈ ವಿಪತ್ತಿಗೆ ಮೊದಲೇ ಆ ದೇಶದಲ್ಲಿ ನಿಮ್ಮ ಸಿಬ್ಬಂದಿ ಅಥವಾ ಸ್ಥಳೀಯ ಪಾಲುದಾರರು ಇದ್ದರೇ? ಹಣ ಹೆಚ್ಚಾಗಿ ಬಂದರೆ ಏನು ಮಾಡುತ್ತೀರಿ? ಹಂಚಿದ ಮೇಲೆ ತಲುಪಿತೋ ಇಲ್ಲವೋ ಎಂದು ಹೇಗೆ ಪರಿಶೀಲಿಸುತ್ತೀರಿ, ಆ ವರದಿ ಎಲ್ಲಿದೆ? ಉತ್ತರದಲ್ಲಿ ಜಾಗದ ಹೆಸರು, ಸಂಖ್ಯೆ, ಸೋತ ಕಡೆಗಳ ವಿವರ ಇದ್ದರೆ ಮುಂದುವರಿಯಿರಿ. ದೊಡ್ಡ ವಿಪತ್ತಾದ ಕೂಡಲೇ ಹುಟ್ಟಿಕೊಳ್ಳುವ ನಕಲಿ ವೆಬ್‌ಸೈಟುಗಳ ಬಗ್ಗೆ ಎಚ್ಚರವಿರಲಿ. ಫಾರ್ವರ್ಡ್ ಆಗಿ ಬಂದ ಲಿಂಕ್ ಒತ್ತದೆ ವಿಳಾಸವನ್ನು ನೀವೇ ಟೈಪ್ ಮಾಡಿ, ನೋಂದಣಿ ಸಂಖ್ಯೆಯನ್ನು ಸಂಸ್ಥೆ ನೋಂದಣಿಯಾದ ದೇಶದ ನಿಯಂತ್ರಕರ ಪಟ್ಟಿಯಲ್ಲಿ ಹುಡುಕಿ ನೋಡಿ. ಗಿಫ್ಟ್ ಕಾರ್ಡ್ ರೂಪದಲ್ಲೋ, ಒಬ್ಬ ವ್ಯಕ್ತಿಯ ಖಾಸಗಿ ಖಾತೆಗೋ ಹಣ ಕೇಳಿದರೆ ಕೊಡಬೇಡಿ.