ಪ್ರತಿ: ನಡಿಗೆಗೆ ಹಣ ಕೂಡಿಸಲು ನೂರು ಮನೆಯ ಹಾಳೆ

ಸಹಾಯಾರ್ಥ ನಡಿಗೆಗೆ ಆರು ವಾರ ಉಳಿದಿದೆ, ಲಿಂಕ್ ಕಳಿಸಿದರೆ ಯಾರೂ ಕೊಡುತ್ತಿಲ್ಲ ಎಂದಿದ್ದೀರಿ. ನೂರು ಮನೆಯ ಹಾಳೆ ಮಾಡಿ ನೋಡಿ. ರಟ್ಟಿನ ಮೇಲೆ ಹತ್ತಕ್ಕೆ ಹತ್ತು ಮನೆ (ಚೌಕ) ಎಳೆದು 1ರಿಂದ 100ರವರೆಗೆ ಬರೆಯಿರಿ. ಯಾರು ಯಾವ ಸಂಖ್ಯೆ ಆರಿಸುತ್ತಾರೋ ಅಷ್ಟು ಹಣ ಕೊಟ್ಟು, ಆ ಮನೆಯಲ್ಲಿ ಹೆಸರು ಬರೆಯಬೇಕು. ಪೂರ್ತಿ ತುಂಬಿದರೆ 5,050.

ಎಡವಟ್ಟಾಗುವುದು ಇಲ್ಲೇ: ಚಿಕ್ಕ ಸಂಖ್ಯೆಗಳು ಬೇಗ ಮುಗಿದುಹೋಗುತ್ತವೆ, ದೊಡ್ಡವು ಹಾಗೇ ಕೂತಿರುತ್ತವೆ. ಮೊದಲ 50 ಮನೆ ತುಂಬಿದರೂ ಬರುವುದು 1,275, ಬರೀ ಕಾಲು ಭಾಗ! ಹಾಗಾಗಿ ಹಾಳೆ ಹೊರಗಿಡುವ ಮುಂಚೆಯೇ ಹತ್ತಿರದವರಿಂದ 80ರ ಮೇಲಿನ ನಾಲ್ಕೈದು ಮನೆ ತುಂಬಿಸಿಬಿಡಿ. ಖಾಲಿ ಹಾಳೆಯಲ್ಲಿ ಮೊದಲ ಹೆಸರು ಬರೆಯಲು ಎಲ್ಲರಿಗೂ ಸಂಕೋಚ.

ನೀವು ನಡೆಯುವ ಪ್ರತಿ ಕಿಲೋಮೀಟರಿಗೆ ಇಷ್ಟು ಹಣ ಎಂದು ಒಪ್ಪುವವರಿದ್ದರೆ, ಗರಿಷ್ಠ ಮೊತ್ತ ಬರೆಸಿಕೊಂಡು ಹಣವನ್ನು ನಡಿಗೆಗೆ ಮುಂಚೆಯೇ ಪಡೆಯಿರಿ.