ಅಪ್ರೆಂಟಿಸ್ ಭತ್ಯೆ ಸಾಲುತ್ತಿಲ್ಲ, ಬಿಟ್ಟು ಗುತ್ತಿಗೆದಾರರ ಬಳಿ ದಿನಗೂಲಿಗೆ ಸೇರಲೇ?

ಎಲೆಕ್ಟ್ರಿಷಿಯನ್ ಅಪ್ರೆಂಟಿಸ್ ಆಗಿ ಐದು ತಿಂಗಳು, ಕೈಗೆ ಬರುವುದು ಅಲ್ಪ ಭತ್ಯೆ, ಮಾಡಿಸುವುದು ಗೋಡೆ ಕೊರೆಯುವ, ಪೈಪು ಹೊರುವ ಕೆಲಸ, ಇದು ಕಲಿಕೆಯೇ ಅಲ್ಲ ಎನ್ನುತ್ತೀರಿ. ಅತ್ತ ಗುತ್ತಿಗೆದಾರರೊಬ್ಬರು ಎರಡರಷ್ಟು ಕೂಲಿಗೆ ಕರೆಯುತ್ತಿದ್ದಾರೆ. ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನನ್ನ ಮೊದಲ ವರ್ಷವೇ ಕಣ್ಣ ಮುಂದೆ ಬಂತು. ನಾನು ಬಿಟ್ಟು ಹೋಗಲಿಲ್ಲ. ಆದರೂ ಹನ್ನೊಂದು ತಿಂಗಳು ಕಳೆದುಕೊಂಡೆ.

ಕಾರಣ, ಲಾಗ್‌ಬುಕ್. ದಿನದಿನದ ಕೆಲಸ ಬರೆದು ಮೇಲ್ವಿಚಾರಕರ ಸಹಿ ಪಡೆಯಬೇಕಿದ್ದ ಪುಸ್ತಕ. ಸಂಜೆಯಾದರೆ ಮೈಯೆಲ್ಲ ಸಿಮೆಂಟ್ ಧೂಳು, ಬೆರಳು ಮಡಚಲೂ ಆಗುತ್ತಿರಲಿಲ್ಲ. ವರ್ಷದ ಕೊನೆಗೆ ಒಟ್ಟಿಗೆ ಬರೆದರಾಯಿತು ಎಂದುಕೊಂಡೆ. ಮೇಲ್ವಿಚಾರಕರೂ ಒಳ್ಳೆಯವರು, ‘ಯಾವಾಗ ಬೇಕಾದರೂ ತಾ, ಹಾಕಿಕೊಡುತ್ತೇನೆ’ ಎನ್ನುತ್ತಿದ್ದರು. ಹನ್ನೆರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಅವರು ಕೆಲಸ ಬಿಟ್ಟು ಹೊರಟುಹೋದರು. ಸಹಿ ಇದ್ದದ್ದು ಮೊದಲ ತಿಂಗಳ ಪುಟಗಳಿಗೆ ಮಾತ್ರ. ಎರಡು ರಾತ್ರಿ ಕೂತು ತುಂಬಿಸಿದ ಪುಸ್ತಕವನ್ನು ಹೊಸ ಮೇಲ್ವಿಚಾರಕರ ಮುಂದಿಟ್ಟೆ. ಅವರು ಹಾಳೆ ಮಗುಚುತ್ತಾ ಹೋದರು. ಪ್ರತಿ ಸಾಲಿನಲ್ಲೂ ‘ವೈರಿಂಗ್ ಕೆಲಸ’, ‘ವೈರಿಂಗ್ ಕೆಲಸ’. ‘ನಾನು ಕಣ್ಣಾರೆ ನೋಡದ ಕೆಲಸಕ್ಕೆ ಸಹಿ ಹಾಕುವುದಿಲ್ಲ’ ಎಂದು ಮುಚ್ಚಿ ಕೊಟ್ಟರು.

ಸಿಟ್ಟು ನೆತ್ತಿಗೇರಿತು. ‘ಕೆಲಸ ಬರುತ್ತದೆ, ಬೇಕಾದರೆ ಪರೀಕ್ಷೆ ಮಾಡಿ’ ಎಂದೆ. ಅವರು ಮೆಗ್ಗರ್ ಎಂಬ ಅಳತೆಯ ಉಪಕರಣ ಕೈಗಿಟ್ಟು, ಒಂದು ಲೈಟ್ ಸರ್ಕ್ಯೂಟಿನ ಇನ್ಸುಲೇಷನ್, ಅಂದರೆ ತಂತಿಯ ಹೊದಿಕೆ ವಿದ್ಯುತ್ ಸೋರದಂತೆ ಎಷ್ಟು ತಡೆಯುತ್ತದೆ ಎಂಬುದನ್ನು ಅಳೆಯಲು ಹೇಳಿದರು. ಮೇನ್ ಇಳಿಸಿದೆ, ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಖಚಿತ ಮಾಡಿಕೊಂಡೆ, ಬೋರ್ಡಿನಿಂದ ಆ ಸರ್ಕ್ಯೂಟಿನ ತಂತಿಗಳನ್ನು ಬಿಡಿಸಿ, ಫೇಸ್ ಮತ್ತು ನ್ಯೂಟ್ರಲ್ ನಡುವೆ 500 ವೋಲ್ಟ್ ಕೊಟ್ಟೆ. ಕನಿಷ್ಠ 1 ಮೆಗಾಓಮ್ ತೋರಿಸಬೇಕಿದ್ದ ಕಡೆ ಸೊನ್ನೆ. ‘ತಂತಿ ಕೆಟ್ಟಿದೆ, ಹೊಸದು ಎಳೆಯಬೇಕು’ ಎಂದೆ. ಅವರು ಮಾತಾಡದೆ ಏಣಿ ಹತ್ತಿ ಹೋಲ್ಡರಿನಿಂದ ಬಲ್ಬು ಬಿಚ್ಚಿಕೊಂಡು ಇಳಿದರು. ಮತ್ತೆ ಅಳೆದಾಗ ತಂತಿ ಹೊಸದರಂತೆ ಇತ್ತು. ನಾನು ಅಳೆದದ್ದು ಬಲ್ಬಿನ ಫಿಲಮೆಂಟನ್ನು.

ಆ ವರ್ಷ ಮೆಗ್ಗರ್ ಬಳಸುವುದನ್ನು ಹತ್ತು ಬಾರಿಯಾದರೂ ನೋಡಿದ್ದೆ. ಪಕ್ಕದಲ್ಲಿ ನಿಂತು, ತಂತಿಗೆ ತಾಗಿಸುವ ಅದರ ಕಡ್ಡಿ ಹಿಡಿದುಕೊಂಡಿದ್ದೆ, ಅಷ್ಟೇ. ಅದೇ ಸಂಜೆ ‘ಯಾವ ಸರ್ಕ್ಯೂಟ್, ಎಷ್ಟು ಬಂತು, ಅಳೆಯುವ ಮೊದಲು ಏನೇನು ಬಿಚ್ಚಿದೆವು’ ಎಂದು ಬರೆಯಲು ಕೂತಿದ್ದರೆ, ಬಲ್ಬು ಬಿಚ್ಚಿದ್ದೇಕೆ ಎಂಬ ಪ್ರಶ್ನೆ ತಾನಾಗಿ ಏಳುತ್ತಿತ್ತು. ಮರುದಿನ ಕೇಳುತ್ತಿದ್ದೆ. ಮೂರು ತಿಂಗಳ ಪುಟ ತಿರುವಿದಾಗ ನನ್ನ ಕೈಯಿಂದ ಒಂದೂ ಅಳತೆ ಆಗಿಲ್ಲವೆಂಬುದು ಕಾಣುತ್ತಿತ್ತು, ‘ಈ ವಾರ ನನಗೆ ಕೊಡಿ’ ಎನ್ನಬಹುದಿತ್ತು. ಬರೆಯದೆ ಹೋದದ್ದರಿಂದ ಕಳೆದದ್ದು ಬರೀ ಸಹಿಯಲ್ಲ. ಸಹಿ ಇಲ್ಲದ ಹನ್ನೊಂದು ತಿಂಗಳು ಲೆಕ್ಕಕ್ಕೆ ಬರಲಿಲ್ಲ, ಅಷ್ಟನ್ನೂ ಮತ್ತೆ ದುಡಿದೆ. ಪರವಾನಗಿಯೂ ಪೂರ್ಣ ಸಂಬಳವೂ ಅಷ್ಟೇ ತಡವಾದವು. ನೀವು ಲೆಕ್ಕ ಹಾಕುತ್ತಿರುವ ಕೂಲಿಯ ವ್ಯತ್ಯಾಸ ಆ ನಷ್ಟದ ಮುಂದೆ ಏನೂ ಅಲ್ಲ.

ಪೈಪು ಹೊರುವುದು ಕಲಿಕೆಯಲ್ಲ ಎಂಬ ನಿಮ್ಮ ಮಾತನ್ನೂ ನಾನು ಒಪ್ಪುವುದಿಲ್ಲ. ಬಾಗು ಹೆಚ್ಚಾದ ಪೈಪಿನಲ್ಲಿ ತಂತಿ ಎಳೆದರೆ ಮೇಲಿನ ಪದರ ಸುಲಿಯುತ್ತದೆ, ವರ್ಷಗಳ ನಂತರ ಅಲ್ಲೇ ಶಾರ್ಟ್ ಆಗುತ್ತದೆ. ಎಳೆಯುವಾಗ ಕೈಗೆ ಸಿಗುವ ಆ ಬಿಗಿ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ. ಆದರೆ ಐದು ತಿಂಗಳು ಅದೊಂದನ್ನೇ ಮಾಡಿಸಿದ್ದರೆ ಬಾಯಿ ಬಿಟ್ಟು ಕೇಳಿ. ‘ಮುಂದಿನ ವಾರ ಬೋರ್ಡ್ ಜೋಡಣೆಗೆ ನಿಲ್ಲಲೇ’ ಎಂದು ನಿರ್ದಿಷ್ಟವಾಗಿ ಕೇಳಿ. ‘ಏನಾದರೂ ಕಲಿಸಿ’ ಎಂದರೆ ಯಾರೂ ಕಲಿಸುವುದಿಲ್ಲ.

ಇಂದು ರಾತ್ರಿಯೇ ಬರೆಯಲು ಶುರುಮಾಡಿ: ಯಾವ ಜಾಗ, ಯಾವ ಅಳತೆಯ ತಂತಿ, ನಿಮ್ಮ ಕೈಯಿಂದ ಆದದ್ದು ಏನು, ನೀವು ಬರೀ ನೋಡಿದ್ದು ಏನು. ವಾರಕ್ಕೊಮ್ಮೆ ಸಹಿ ಹಾಕಿಸಿ. ಹಳೆಯ ಐದು ತಿಂಗಳನ್ನು ಈಗಿನ ಮೇಲ್ವಿಚಾರಕರು ಇರುವಾಗಲೇ, ಅವರ ಎದುರು ಕೂತು ನೆನಪಿಸಿಕೊಂಡು ಬರೆಯಿರಿ. ಈಗ ನನ್ನ ಕೈಕೆಳಗೂ ಇಬ್ಬರು ಹುಡುಗರಿದ್ದಾರೆ, ಶನಿವಾರ ಪುಸ್ತಕ ತರದಿದ್ದರೆ ನಾನೇ ಕರೆದು ಕೂರಿಸುತ್ತೇನೆ.

ನಿಮ್ಮ ಜಾಗದಲ್ಲಿ ಸಹಿ ಹಾಕುವವರೇ ಇಲ್ಲ, ಅಪ್ರೆಂಟಿಸ್ ಆಗಿ ನಿಮ್ಮ ನೋಂದಣಿಯೇ ಆಗಿಲ್ಲ ಎಂದಾದರೆ ಮಾತ್ರ ಬಿಡಿ. ಆಗಲೂ ಆ ಗುತ್ತಿಗೆದಾರರನ್ನು ಕೂಲಿ ಕೇಳುವ ಮೊದಲು ಇದನ್ನು ಕೇಳಿ: ನಾನು ಮಾಡಿದ ಕೆಲಸಕ್ಕೆ ನಿಮ್ಮಲ್ಲಿ ಯಾರು ಸಹಿ ಹಾಕುತ್ತಾರೆ?