ಬೆಳಗಿನ ಜಾವ ನಾಲ್ಕರ ಲೆಕ್ಕ: ಓದುಗರ ಪ್ರಶ್ನೆ, ತಜ್ಞರ ಉತ್ತರ

ರಾತ್ರಿ ಪಾಳಿಯ ದಣಿವಿನ ಬಗ್ಗೆ ಬಂದ ಪತ್ರಗಳಲ್ಲಿ ಮೂರನ್ನು ಈ ಸಲ ಆರಿಸಿಕೊಂಡಿದ್ದೇವೆ. ಆಪರೇಷನ್ ಥಿಯೇಟರ್ ಶುಶ್ರೂಷೆ ಕಲಿಸುವವರು ಮತ್ತು ವಿಮಾನ ನಿರ್ವಹಣೆಯ ಸುರಕ್ಷತಾ ತರಬೇತುದಾರರು ಸೇರಿ ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಓಟಿ ನರ್ಸ್. ನಡುರಾತ್ರಿಯ ತುರ್ತು ಸಿಸೇರಿಯನ್‌ನಲ್ಲಿ ಲೆಕ್ಕಕ್ಕೆ ಒಂದು ಮಾಪ್ (ರಕ್ತ ಹೀರಲು ಗಾಯದೊಳಗೆ ಇಡುವ ಬಟ್ಟೆ) ಕಡಿಮೆ ಬಂತು. ಹೇಳಿದೆ. "ಒಳಗಿಲ್ಲ, ನೋಡಿದ್ದೇನೆ" ಎಂದ ಸರ್ಜನ್ ಹೊಲಿಗೆ ಮುಂದುವರಿಸಿದರು. ಆಮೇಲೆ ಅದು ಕೊಳೆಬಟ್ಟೆಯ ಗಂಟಿನಲ್ಲಿ ಸಿಕ್ಕಿತು. ಅಂದಿನಿಂದ ಎಣಿಸುವಾಗ ಕೈ ನಡುಗುತ್ತದೆ. ಇಂಥ ಹೊತ್ತಿನಲ್ಲಿ ಏನು ಮಾಡಬೇಕು?
— ಓದುಗರು, ಹಾವೇರಿ

ಉತ್ತರ: ಸಿಸ್ಟರ್, ಕಡಿಮೆ ಇದೆ ಎಂದು ನೀವು ಬಾಯಿಬಿಟ್ಟು ಹೇಳಿದಿರಿ. ಆ ರಾತ್ರಿ ಆ ತಾಯಿಗೆ ಬೇಕಾಗಿದ್ದದ್ದು ಅದೇ. ಮಾಪ್ ಗಂಟಿನಲ್ಲಿ ಸಿಕ್ಕಿತೆಂದು ನಿಮ್ಮ ಮಾತು ಸುಳ್ಳಾಗಲಿಲ್ಲ.

ಮುಂದಿನ ಸಲ ಮಾತು ಚಿಕ್ಕದಾಗಿರಲಿ: "ಸರ್, ಮಾಪ್ ಹತ್ತು ಕೊಟ್ಟಿದ್ದೆ, ಒಂಬತ್ತು ಬಂದಿದೆ. ದಯವಿಟ್ಟು ಹೊಲಿಗೆ ನಿಲ್ಲಿಸಿ." ಸಂಖ್ಯೆ ಇರಲಿ, ಕೋರಿಕೆಯೂ ಇರಲಿ. "ಒಂದು ಕಾಣ್ತಿಲ್ಲ ಅನ್ಸುತ್ತೆ" ಎಂದರೆ ದಣಿದ ಕಿವಿಗೆ ಅದು ಬೀಳುವುದೇ ಇಲ್ಲ. ಅರಿವಳಿಕೆ ವೈದ್ಯರಿಗೂ ಕೇಳುವಂತೆ ಹೇಳಿ. ತಾಯಿಯ ಸ್ಥಿತಿ ಸ್ಥಿರವಾಗಿದ್ದರೆ ಸರ್ಜನ್ ಗಾಯದೊಳಗೆ ಮತ್ತೆ ಕೈಯಾಡಿಸಿ ನೋಡಬೇಕು. ಗರ್ಭಕೋಶದ ಹಿಂಬದಿ ಮತ್ತು ಎರಡೂ ಪಕ್ಕೆಯ ಇಳಿಜಾರು ಮಾಪ್ ಜಾರಿಕೊಳ್ಳುವ ಜಾಗಗಳು. ಅದೇ ಹೊತ್ತಿಗೆ ನೀವು ಟ್ರಾಲಿಯ ಮೇಲೆ, ಹೊದಿಕೆಯ ಮಡಿಕೆಗಳಲ್ಲಿ, ಬಕೆಟ್‌ನಲ್ಲಿ, ಮಾಸು ಇಟ್ಟ ಟ್ರೇಯಲ್ಲಿ, ಮಗುವನ್ನು ಎತ್ತಿಕೊಂಡ ಬಟ್ಟೆಯಲ್ಲಿ, ಚಪ್ಪಲಿಯ ಅಡಿಯಲ್ಲಿ ಹುಡುಕಿ. ಇನ್ನೂ ಸಿಗದಿದ್ದರೆ ರೋಗಿ ಥಿಯೇಟರ್ ಬಿಡುವ ಮುನ್ನವೇ ಎಕ್ಸ್-ರೇ ಆಗಬೇಕು. ಮಾಪ್‌ನೊಳಗೆ ಎಕ್ಸ್-ರೇಗೆ ಕಾಣುವ ದಾರ ಇರುವುದೇ ಅದಕ್ಕೆ. ಇಡೀ ಹೊಟ್ಟೆ, ಕಿಬ್ಬೊಟ್ಟೆ ಎರಡೂ ಚಿತ್ರದಲ್ಲಿ ಬರಲಿ, ಏನನ್ನು ಹುಡುಕುತ್ತಿದ್ದೀರಿ ಎಂದು ಚಿತ್ರ ಓದುವವರಿಗೆ ತಿಳಿದಿರಲಿ. ಸಿಕ್ಕರೂ ಸಿಗದಿದ್ದರೂ ನಡೆದದ್ದನ್ನು ನಡೆದಂತೆ ದಾಖಲೆಯಲ್ಲಿ ಬರೆಯಿರಿ.

ಇನ್ನು ಎಣಿಕೆ. ಶುರುವಿಗೆ ಮುನ್ನ, ಗರ್ಭಕೋಶ ಮುಚ್ಚುವ ಮುನ್ನ, ಹೊಟ್ಟೆ ಮುಚ್ಚುವ ಮುನ್ನ, ಚರ್ಮದ ಹೊಲಿಗೆಯ ಹೊತ್ತಿಗೆ. ನಡುವೆ ನರ್ಸ್ ಬದಲಾದರೆ ಆಗಲೂ ಒಮ್ಮೆ. ಇಬ್ಬರೂ ನೋಡುತ್ತಾ, ಗಟ್ಟಿಯಾಗಿ, ಒಂದೊಂದನ್ನೇ ಬಿಡಿಸಿ ಎಣಿಸಿ. ರಕ್ತದಲ್ಲಿ ನೆಂದ ಎರಡು ಮಾಪ್ ಅಂಟಿಕೊಂಡು ಒಂದೇ ಎಂಬಂತೆ ಕೂರುತ್ತವೆ. ಲೆಕ್ಕ ತಪ್ಪಲು ಇದೊಂದು ದೊಡ್ಡ ಕಾರಣ. ಪ್ರತಿಸಲವೂ ಕ್ರಮ ಒಂದೇ ಇರಲಿ: ಗಾಯ, ಅದರ ಪಕ್ಕದ ಟ್ರಾಲಿ, ಹಿಂದಿನ ಟ್ರಾಲಿ, ಕೊನೆಗೆ ಬಕೆಟ್. ಐದರ ಕಟ್ಟಿನಲ್ಲಿ ನಾಲ್ಕೋ ಆರೋ ಇದ್ದರೆ ಆ ಕಟ್ಟನ್ನೇ ಹೊರಗೆ ಕಳಿಸಿ, ಸರಿದೂಗಿಸಲು ಹೋಗಬೇಡಿ. ಎಣಿಸುತ್ತಿರುವಾಗ ಯಾರಾದರೂ ಮಾತಾಡಿಸಿದರೆ ಆ ವಸ್ತುವಿನ ಎಣಿಕೆಯನ್ನು ಮೊದಲಿನಿಂದ ಶುರುಮಾಡಿ. ಹೊಟ್ಟೆಯಲ್ಲಿ ವಸ್ತು ಉಳಿದುಹೋದ ಪ್ರಕರಣಗಳಲ್ಲಿ ಬಹುಪಾಲಿನಲ್ಲಿ "ಲೆಕ್ಕ ಸರಿಯಿದೆ" ಎಂದೇ ಬರೆದಿರುತ್ತದೆ. ಹಾಗಾಗಿ ಕಡಿಮೆ ಬಂದ ಲೆಕ್ಕಕ್ಕಿಂತ ಗಡಿಬಿಡಿಯಲ್ಲಿ ಸರಿಬಂದ ಲೆಕ್ಕಕ್ಕೆ ಹೆಚ್ಚು ಹೆದರಬೇಕು.

ಕೈ ನಡುಕದ ಮಾತು. ನೀವು ಕೆಲಸಕ್ಕೆ ಬಾರದವರು ಎಂದು ಅದರ ಅರ್ಥವಲ್ಲ. ಆ ರಾತ್ರಿ ಇದ್ದವರೆಲ್ಲ ಹತ್ತು ನಿಮಿಷ ಕೂತು ಮಾಪ್ ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಮಾತಾಡುವಂತೆ ಇನ್‌ಚಾರ್ಜ್ ಸಿಸ್ಟರ್ ಅವರನ್ನು ಕೇಳಿ. ಕೊಳೆಬಟ್ಟೆಯ ಗಂಟು ಲೆಕ್ಕ ಮುಗಿಯುವ ತನಕ ಥಿಯೇಟರ್ ಬಿಡಬಾರದು ಎಂಬ ಒಂದು ನಿಯಮ ಹುಟ್ಟಿದರೂ ಸಾಕು, ಅರ್ಧ ಭಾರ ಇಳಿಯುತ್ತದೆ. ಎರಡು ಮೂರು ವಾರ ಕಳೆದರೂ ನಡುಕ, ನಿದ್ದೆಗೇಡು ಹೋಗದಿದ್ದರೆ ಮನೋವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕಾಣಲು ಸಂಕೋಚ ಬೇಡ.

ಪ್ರಶ್ನೆ: ವಿಮಾನ ನಿರ್ವಹಣೆಯಲ್ಲಿ ತಂತ್ರಜ್ಞ. ಹನ್ನೆರಡು ಗಂಟೆಯ ರಾತ್ರಿ ಪಾಳಿ. ಮೂರು ಗಂಟೆಯ ನಂತರ ಓದಿದ್ದನ್ನೇ ಮತ್ತೆ ಓದುತ್ತೇನೆ. ಕಾಫಿ ಸಾಲದೇ?
— ಓದುಗರು, ದೇವನಹಳ್ಳಿ

ಉತ್ತರ: ಸಾಲದು. ಬೆಳಗಿನ ಜಾವ ಎರಡರಿಂದ ಆರರ ತನಕ ಮೈಯ ಗಡಿಯಾರವೇ ಕೆಳಗಿಳಿದಿರುತ್ತದೆ. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇದ್ದವರಂತೆ ತಡವರಿಸುತ್ತದೆ ಎಂಬುದು 1997ರಲ್ಲೇ ಪ್ರಯೋಗದಿಂದ ತಿಳಿದುಬಂದಿದೆ.

1990ರ ಜೂನ್ 10ರಂದು ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ಬ್ರಿಟಿಷ್ ಏರ್‌ವೇಸ್‌ನ 5390ನೇ ವಿಮಾನದ ಮುಂಗಾಜು ಆಕಾಶದಲ್ಲೇ ಕಿತ್ತುಹೋಗಿ, ಕ್ಯಾಪ್ಟನ್ ಅರ್ಧ ಮೈ ಹೊರಗೆ ಜೋತುಬಿದ್ದರು. ಜೀವ ಉಳಿಯಿತು. ಆ ಗಾಜನ್ನು ಹಾಕಿದ್ದು ಹಾರಾಟಕ್ಕೆ 27 ಗಂಟೆ ಮುಂಚೆ, ರಾತ್ರಿ ಪಾಳಿಯಲ್ಲಿ, ಜನ ಕಡಿಮೆ ಇದ್ದಾಗ, ಬೆಳಗಿನ ಜಾವದಲ್ಲಿ. 90 ಬೋಲ್ಟ್‌ಗಳಲ್ಲಿ 84ರ ದಪ್ಪ ಬೇಕಾದ್ದಕ್ಕಿಂತ 0.026 ಇಂಚು ಕಡಿಮೆ, ಅಂದರೆ ಸುಮಾರು 0.66 ಮಿಲಿಮೀಟರ್. ಬಿಡಿಭಾಗದ ಪುಸ್ತಕ ತೆರೆಯದೆ, ಹಳೆಯ ಬೋಲ್ಟ್ ಪಕ್ಕದಲ್ಲಿಟ್ಟು ಕಣ್ಣಳತೆಯಲ್ಲೇ ಆರಿಸಿದ್ದರು. ಇನ್ನೊಬ್ಬರು ಪರೀಕ್ಷಿಸಲೂ ಇಲ್ಲ. ಅನುಭವಿ ಕೈಯೇ ಅದು. ಅನುಭವ ಹೆಚ್ಚಿದ್ದಷ್ಟೂ ಕಣ್ಣಳತೆಯ ಮೇಲೆ ನಂಬಿಕೆ ಹೆಚ್ಚು, ಇದು ನಮ್ಮ ಕಸುಬಿನ ನಿಜವಾದ ಅಪಾಯ.

ಅದಕ್ಕೇ ಎರಡನೇ ಕಣ್ಣು ಬೇಕಾದ, ಬೆಳಕು ಸಾಲದ, ಟಾರ್ಕ್ ಹಾಕುವ (ಬೋಲ್ಟನ್ನು ನಿಗದಿತ ಬಲಕ್ಕೆ ಬಿಗಿಮಾಡುವ) ಕೆಲಸಗಳನ್ನು ಬೆಳಗಿನ ಜಾವ ಎರಡಕ್ಕೆ ಮುಂಚೆ ಮುಗಿಸುವಂತೆ ಶಿಫ್ಟ್ ಇನ್‌ಚಾರ್ಜ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಮುಂದೂಡಲಾಗದ್ದನ್ನು ಜೋಡಿಯಾಗಿ ಮಾಡಿ, ಪಾರ್ಟ್ ನಂಬರನ್ನು ಗಟ್ಟಿಯಾಗಿ ಓದಿ. ನಡುವೆ ಎದ್ದು ಹೋಗಬೇಕಾದರೆ ಬಿಗಿಮಾಡದ ಜಾಗಕ್ಕೆ ಟ್ಯಾಗ್ ಕಟ್ಟಿ, ಬಂದ ಮೇಲೆ ಕೆಲಸದ ಮೂರು ಹೆಜ್ಜೆ ಹಿಂದಿನಿಂದ ಶುರುಮಾಡಿ. ಕೆಲಸದ ಹೆಜ್ಜೆಗಳನ್ನು ಪಟ್ಟಿಮಾಡಿದ ಟಾಸ್ಕ್ ಕಾರ್ಡ್‌ಗೆ ಸಹಿ ಆ ಹೆಜ್ಜೆ ಮುಗಿದಾಗಲೇ ಬೀಳಲಿ, ಬೆಳಿಗ್ಗೆ ಒಟ್ಟಿಗೆ ಬೇಡ.

ಕಾಫಿ ಕುಡಿಯುವುದಾದರೆ ಪಾಳಿಯ ಮೊದಲ ಅರ್ಧದಲ್ಲಿ ಕುಡಿಯಿರಿ. ಅದರ ಅರ್ಧ ಪ್ರಮಾಣ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಬೆಳಿಗ್ಗೆ ಐದಕ್ಕೆ ಕುಡಿದ ಕಾಫಿ ಮನೆಯ ನಿದ್ದೆಯನ್ನು ತಿನ್ನುತ್ತದೆ. ಕಂಪನಿಯ ಅನುಮತಿ ಇದ್ದರೆ 20 ನಿಮಿಷದ ಕಿರುನಿದ್ದೆ ಕಾಫಿಗಿಂತ ಮೇಲು. ಎದ್ದ ತಕ್ಷಣ ಸ್ಪ್ಯಾನರ್ ಹಿಡಿಯಬೇಡಿ, ಮಂಪರು ಕಳೆಯಲು ಇನ್ನೂ 20–30 ನಿಮಿಷ ಬಿಡಿ. 158 ಜನರನ್ನು ಬಲಿತೆಗೆದುಕೊಂಡ 2010ರ ಮೇ 22ರ ಮಂಗಳೂರು ವಿಮಾನ ದುರಂತದಲ್ಲಿ ಕ್ಯಾಪ್ಟನ್ ಹಾರಾಟದ ಬಹುಹೊತ್ತು ನಿದ್ರಿಸಿದ್ದರು. ಎದ್ದಮೇಲಿನ ಮಂಪರನ್ನು ತನಿಖಾ ವರದಿ ಎತ್ತಿ ಹೇಳಿದೆ. ಇಳಿಸಬೇಡಿ, ಮತ್ತೆ ಮೇಲೇರಿ ಎಂದು ಸಹಪೈಲಟ್ ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದರು. ಹಾವೇರಿಯ ಸಿಸ್ಟರ್ ಪತ್ರದ ಪಕ್ಕದಲ್ಲಿಟ್ಟು ಓದಬೇಕಾದ ಸಂಗತಿ ಇದು.

ಪ್ರಶ್ನೆ: ಸೊಸೆ ನರ್ಸ್. ಎಂಟಕ್ಕೆ ಮನೆಗೆ ಬಂದು ಹನ್ನೊಂದಕ್ಕೇ ಏಳುತ್ತಾಳೆ. ನಾವು ಏನು ಮಾಡಬಹುದು?
— ಓದುಗರು, ಶಿವಮೊಗ್ಗ

ಉತ್ತರ: ನೀವು ಕೇಳಿದ್ದೇ ಸಂತೋಷ, ಅಮ್ಮ. ಕೋಣೆಗೆ ದಪ್ಪ ಪರದೆ, ಫ್ಯಾನ್. ಬಂದ ಕೂಡಲೇ ಹಗುರ ತಿಂಡಿ, ಒಂಬತ್ತರೊಳಗೆ ಹಾಸಿಗೆ. ಅವಳ ಫೋನ್ ನಿಮ್ಮ ಹತ್ತಿರ ಇರಲಿ. ಕೊರಿಯರ್‌ನವರು, ನೆಂಟರು ಎಲ್ಲರಿಗೂ ನೀವೇ ಉತ್ತರ ಕೊಡಿ. ಹನ್ನೊಂದಕ್ಕೆ ಎಚ್ಚರವಾದರೂ ಅಡುಗೆಮನೆಗೆ ಕರೆಯಬೇಡಿ. ನಿದ್ದೆ ಸಾಲದಿದ್ದರೆ ಸಂಜೆ ಪಾಳಿಗೆ ಹೊರಡುವ ಮುನ್ನ ಇನ್ನೊಂದೂವರೆ ಗಂಟೆ ಮಲಗಲಿ. ಪಾಳಿ ಮುಗಿಸಿ ಅವಳೇ ಸ್ಕೂಟರ್ ಓಡಿಸಿಕೊಂಡು ಬರುವವಳಾದರೆ, ಆ ದಿನಗಳಲ್ಲಿ ಮನೆಯವರು ಯಾರಾದರೂ ಹೋಗಿ ಕರೆತನ್ನಿ.